ತಲೆಕೆಳಗಾದ ಹದಿನೇಳನೆಯ ಕೊಳವೆ

ಇಪ್ಪತ್ತೆರಡು ವರ್ಷದ ಹಿಂದೆ, ಸಮುದ್ರದ ತಳ ಕೊರೆಯುವ ಹಡಗನ್ನು ಮೊದಲ ಸಲ ಹತ್ತುವ ದಿನ, ತಂಗಿ ಅಕ್ಕನ ಕೈ ಹಿಡಿದು ಮಾತು ಕೊಟ್ಟಿದ್ದಳು: "ಸಮುದ್ರದ ವಿಷಯ ನಂಗೇನೇ ಗೊತ್ತಾದ್ರೂ ನಿನ್ನ ಹತ್ರ ಒಂದಕ್ಷರ ಮುಚ್ಚಿಡಲ್ಲ ಅಕ್ಕ." ಅಕ್ಕನಿಗೆ ನೀರೆಂದರೆ ಭಯ; ಇದ್ದದ್ದು ಮಾತ್ರ ದಡದ ಬೀದಿಯಲ್ಲೇ. "ನಿನ್ನ ಪುಸ್ತಕ ನಂಗೆ ಅರ್ಥ ಆಗಲ್ಲ ಕಣೇ. ನಿನ್ನ ಬಾಯಿಂದ ಕೇಳಿದ್ರೆ ನಂಬ್ತೀನಿ," ಎಂದಿದ್ದಳು.

ಆ ತಂಗಿ ಈಗ ಕಡಲ ಕೆಸರಿನ ಉಗ್ರಾಣದ ಮೇಲ್ವಿಚಾರಕಿ. ತಳದಿಂದ ತೆಗೆದ ಮಣ್ಣು ಒಂದೂವರೆ ಮೀಟರಿನ ಕೊಳವೆಗಳಲ್ಲಿ, ಶೀತಲ ಕೋಣೆಯ ಹಲಗೆಗಳ ಮೇಲೆ ಮಲಗಿರುತ್ತದೆ. ಕೊಳವೆಯ ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ. ಅಷ್ಟೇ ಗುರುತು.

ಸೋಮವಾರ ಬೆಳಿಗ್ಗೆ ಹಳೆಯ ಕೊಳವೆಗಳ ಫೋಟೋ ಹೊಸದಾಗಿ ತೆಗೆಯುವಾಗ ಹದಿನೇಳನೆಯದರ ಮೇಲೆ ಅವಳ ಕೈ ನಿಂತಿತು. ನೀರಿನಲ್ಲಿ ಮರಳು ಮೊದಲು ಕೂರುತ್ತದೆ, ನುಣುಪು ಮಣ್ಣು ಆಮೇಲೆ. ಇಲ್ಲಿ ತುದಿಯ ಜೇಡಿಯ ಕೆಳಗೆ ಪ್ರತಿ ಪದರದಲ್ಲೂ ದಪ್ಪ ಮರಳು ಮೇಲಿತ್ತು, ನುಣುಪು ಕೆಳಗೆ. ಮಣ್ಣು ಸುಳ್ಳು ಹೇಳುವುದಿಲ್ಲ. ಹೇಳಿದ್ದು ಮುಚ್ಚಳ.

ಕೊಳವೆಯನ್ನು ತಿರುಗಿಸಿಟ್ಟಳು. ನೀಲಿ ತುದಿಯಲ್ಲಿದ್ದ ನಾಲ್ಕು ಬೆರಳು ದಪ್ಪದ ಜೇಡಿ ನೇರ ಹೋಗಿ ಅದೇ ರಂಧ್ರದಲ್ಲಿ ಅದರ ಕೆಳಗಿನ ಹದಿನೆಂಟನೆಯ ಕೊಳವೆಯ ಜೇಡಿಗೆ ಕೂಡಿಕೊಂಡಿತು. ಎರಡರ ಮೇಲಿನ ಕೊರೆತದ ಗೀರುಗಳೂ ಒಂದಕ್ಕೊಂದು ಸೇರಿದವು. ಅಕ್ಕಪಕ್ಕದ ರಂಧ್ರಗಳ ಜೇಡಿಯೂ ಇದೇ ಆಳದಲ್ಲಿತ್ತು; ಇಲ್ಲಿ ಕಡಿದಿದೆ ಎಂದೇ ಅದನ್ನು ತೇಪೆ ಎಂದಿದ್ದರು.

ಆ ಕರಾವಳಿಯ ಮುಂದೆ ಸಮುದ್ರದ ನೆಲ ದಡದ ನೆಲದಡಿಗೆ ನುಗ್ಗುತ್ತದೆ. ಎರಡರ ನಡುವಿನ ಬಿರುಕಿನಲ್ಲಿ ಜೇಡಿ ಅಲ್ಲೊಂದು ಇಲ್ಲೊಂದು ತೇಪೆ, ಉಳಿದದ್ದು ಒರಟು ಮರಳು ಎಂದೇ ಎಲ್ಲರೂ ತಿಳಿದಿದ್ದರು. ಆಳದಲ್ಲಿ ನೆಲ ಸೀಳಿದರೂ ಆ ಸೀಳು ಮರಳಿಗೆ ಸಿಕ್ಕಿ ನಿಲ್ಲುತ್ತದೆ, ನೀರನ್ನು ಎತ್ತುವಷ್ಟು ಮೇಲೆ ಬರುವುದಿಲ್ಲ, ಎಂದು. ಆದರೆ ಜೇಡಿ ತೇಪೆಯಲ್ಲ, ಒಂದೇ ಹಾಸು ಅಂದಮೇಲೆ ಮಾತೇ ಬೇರೆ. ವೇಗ ಸಿಕ್ಕಿದರೆ ಒದ್ದೆ ಜೇಡಿ ಎಣ್ಣೆ ಸವರಿದ ಹಲಗೆ. ಸೀಳು ಸಮುದ್ರದ ತಳದವರೆಗೂ ಜಾರಿ ಬಂದು, ಕಡಲನ್ನೇ ಎತ್ತಿ ದಡಕ್ಕೆ ಎಸೆಯಬಹುದು.

ಹಳೆಯ ತಿಳಿವಳಿಕೆಯ ಅಪಾಯ ನಕ್ಷೆಯಲ್ಲಿ ದಡದ ಬೀದಿಗೆ ಹಸಿರು ಬಣ್ಣ. ಆ ಹಸಿರನ್ನು ನಂಬಿ ಅಕ್ಕ ಮೂರು ವರ್ಷದ ಹಿಂದೆ ಅಲ್ಲಿ ಶಿಶುವಿಹಾರ ತೆರೆದಿದ್ದಳು.

ಕೊಳವೆಯ ಚೀಟಿಯ ಮೇಲಿನ ಬರಹ ಬಲಕ್ಕೆ ವಾಲಿತ್ತು. ಅವಳು ಕರೆತಂದ ಸಂಸ್ಥೆಯ ಮುಖ್ಯಸ್ಥರು ಬಗ್ಗಿ ನೋಡಿದರು.

"ನಿಮ್ಮ ಕೈಬರಹ ಅಲ್ವಾ?"

"ಹೌದು ಸರ್. ಮುಚ್ಚಳ ಹಾಕಿದ್ದೂ ನಾನೇ. ಹಡಗಲ್ಲಿ ಹದಿನಾಲ್ಕು ಗಂಟೆ ಪಾಳಿ ಆಗಿತ್ತು. ಕೈ ಮರಗಟ್ಟಿ ಹೋಗಿತ್ತು."

"ಎಡವದ ಕಾಲು ಯಾರದ್ದಿದೆ ಬಿಡಿ. ವರದಿಯಲ್ಲಿ ಹೆಸರು ಬರಲ್ಲ. ಮರುಪರೀಕ್ಷೆಗೆ ಎರಡು ತಿಂಗಳು ಬೇಕು. ಅಲ್ಲೀವರೆಗೆ ಹೊರಗೆ ಬಾಯಿ ಬಿಡಬೇಡಿ."

"ಅಲ್ಲೀವರೆಗೆ ಸಮುದ್ರ ಕಾಯುತ್ತಾ ಸರ್?"

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. ಅವಳು ಚೀಲ ಹೆಗಲಿಗೇರಿಸಿ ನೇರ ದಡದ ಬೀದಿಗೆ ನಡೆದಳು.

ಶಿಶುವಿಹಾರದಲ್ಲಿ ಮಕ್ಕಳು ಮನೆಗೆ ಹೊರಡುವ ಗದ್ದಲ. ಅಕ್ಕ ಒಂದು ಮಗುವಿನ ಮೂಗು ಒರೆಸುತ್ತ ಕೂಗಿದಳು: "ಏನೇ ಕೆಸರಮ್ಮ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನಿನ್ನ ಮಣ್ಣು ನಿನ್ನ ಮೇಲೇ ಮುನಿಸಿಕೊಂಡ್ತಾ?"

ಕೊನೆಯ ಮಗು ಹೋಗುವವರೆಗೆ ತಂಗಿ ಮಕ್ಕಳಿಗೆ ಚಪ್ಪಲಿ ಹಾಕಿಕೊಟ್ಟಳು. ಆಮೇಲೆ, "ಅಕ್ಕ, ಮಕ್ಕಳನ್ನ ಇಲ್ಲಿಂದ ಎತ್ತಬೇಕು. ನಕ್ಷೆ ತಪ್ಪು," ಎಂದಳು. ಮರಳು, ಜೇಡಿ, ಎತ್ತಿ ಎಸೆಯಬಹುದಾದ ನೀರು, ತಿರುಗುಮುರುಗಾದ ಮುಚ್ಚಳ, ಎಲ್ಲ ಹೇಳಿದಳು. ಮೇಲಿನವರು ಸುಮ್ಮನಿರಲು ಹೇಳಿದ್ದನ್ನೂ ಹೇಳಿದಳು.

ಅಕ್ಕ ಮಕ್ಕಳ ಗೇಣುದ್ದದ ಕುರ್ಚಿಯ ಮೇಲೆ ಕುಸಿದಳು. "ಇಪ್ಪತ್ತಾರು ಮಕ್ಕಳನ್ನ ದಿನಾ ಇಲ್ಲೇ ತಟ್ಟಿ ಮಲಗಿಸಿದ್ನಲ್ಲೇ."

"ನಿಂಗೇನು ಗೊತ್ತಿತ್ತು ಅಕ್ಕ?"

"ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಹಸಿರು ಬಳಿದ್ರಲ್ಲ!" ಅಕ್ಕ ಮಕ್ಕಳ ಚಾಪೆಗಳ ಕಡೆ ಕೈ ತೋರಿಸಿದಳು. "ಯಾವ ಪುಣ್ಯಾತ್ಮ ಆ ಮುಚ್ಚಳ ಹಾಕಿದ್ದು? ಸಿಕ್ಕಿದ್ರೆ ಈ ಜನ್ಮದಲ್ಲಿ ಅವನ ಮುಖ ನೋಡಲ್ಲ ನಾನು."

ತಂಗಿ ಹೆಗಲ ಚೀಲದ ಪಟ್ಟಿ ಸರಿಮಾಡಿಕೊಂಡಳು.

"ಹಳೇ ಕಥೆ ಅಕ್ಕ. ಹಡಗಲ್ಲಿ ಆಗ ಐವತ್ತು ಜನ ಇದ್ರು. ಯಾರು ಅಂತ ಹೇಳೋದು."

ಅಕ್ಕ ಕಣ್ಣೊರೆಸಿಕೊಂಡು ಎದ್ದು, ಗುಡ್ಡದ ಮೇಲಿನ ಶಾಲೆಗೆ ಫೋನ್ ಹಚ್ಚಿದಳು. ನಾಳೆಯಿಂದಲೇ ಎರಡು ಕೋಣೆ ಸಿಕ್ಕವು.

ಒಂದಕ್ಷರವನ್ನೂ ಮುಚ್ಚಿಡುವುದಿಲ್ಲ ಎಂದು ತಂಗಿ ಮಾತು ಕೊಟ್ಟಿದ್ದಳು. ಆ ಮಾತು ಅಂದು ಮುರಿಯಿತು.