ಮಿಸೆಸ್ ಡ್ರೀರ್ ಯಾರು?

ಅಮೆರಿಕದ ಡುಲೂತ್ ಊರಿನ ಕತೆಗಾರರು ತಿಂಗಳಿಗೊಮ್ಮೆ ಸರೋವರದ ದಂಡೆಯ ಬಿಯರ್ ಅಂಗಡಿಯಲ್ಲಿ ಸೇರಿ, ಬರೆಯುವವನ ಗೆಲುವು ಅಂದರೆ ಏನು ಅಂತ ಜಗಳ ಕಾಯುತ್ತಿದ್ದರು. ಒಬ್ಬನಿಗೆ ಮಾರಾಟದ ಪಟ್ಟಿಯಲ್ಲಿ ತನ್ನ ಪುಸ್ತಕ ಎಷ್ಟನೆಯದು ಎಂಬುದೇ ಗೆಲುವು; ಹಲ್ಲುಜ್ಜುವ ಮೊದಲೇ ಅದನ್ನು ನೋಡುತ್ತಿದ್ದ. ಇನ್ನೊಬ್ಬಳಿಗೆ ಲೈಬ್ರರಿಯಲ್ಲಿ ತನ್ನ ಪುಸ್ತಕಕ್ಕೆ ಎಷ್ಟು ಜನ ಕಾದಿದ್ದಾರೆ ಎಂಬುದು. ಥೋರಾ ಲಿಂಡ್‌ಕ್ವಿಸ್ಟ್ ಮಾತ್ರ ಗ್ಲಾಸು ಕೆಳಗಿಟ್ಟು, "ನಂಗೆ ಒಬ್ಬನೇ ಓದುಗ ಸಾಕು ಕಣ್ರೋ. ನನ್ನ ಪುಸ್ತಕ ಓದ್ತಾ ಓದ್ತಾ ಅವನ ಮುಖ ಬಿಳಚಿಕೊಳ್ಬೇಕು. ಅದೇ ನನ್ನ ಪ್ರಶಸ್ತಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೇನೂ ತಮಾಷೆ ಮಾಡುತ್ತಿರಲಿಲ್ಲ.

ಆ ಒಬ್ಬನ ಹೆಸರು ವೆಂಡೆಲ್ ಹ್ಯಾಸ್ಕಿನ್ಸ್. ಇಪ್ಪತ್ತು ವರ್ಷದ ಹಿಂದೆ ಅವಳಿಗೆ ಕಥೆ ಬರೆಯುವುದನ್ನು ಕಲಿಸಿದ ಮೇಷ್ಟ್ರು. ಅಂಥ ತರಗತಿಗಳಲ್ಲಿ ಒಂದು ನಿಯಮವಿದೆ: ಯಾರ ಕಥೆ ಚರ್ಚೆಗೆ ಬಂದಿದೆಯೋ ಅವರು ಬಾಯಿ ಬಿಡುವ ಹಾಗಿಲ್ಲ. ಹೊಗಳಲಿ, ಉಗಿಯಲಿ, ಕಲ್ಲಿನ ಹಾಗೆ ಕೂತು ಕೇಳಬೇಕು. ಥೋರಾ ತನ್ನ ಅಪ್ಪನ ಸಾವನ್ನು ಬರೆದಿದ್ದಳು. ಹ್ಯಾಸ್ಕಿನ್ಸ್ ಹಾಳೆಗಳನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಅಪ್ಪ ಹನ್ನೆರಡನೇ ಪುಟದವರೆಗೂ ಬದುಕಿದ್ದ. ಗಟ್ಟಿ ಜೀವ. ನಾವೆಲ್ಲ ಎರಡನೇ ಪುಟದಲ್ಲೇ ಸತ್ತೋದ್ವಿ" ಅಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಥೋರಾ ನಿಯಮ ಪಾಲಿಸಿದಳು. ಅವತ್ತು ನುಂಗಿದ ಮಾತು ಹೊಟ್ಟೆಯಲ್ಲೇ ಕೂತು ವಿಷವಾಯಿತು. ಆ ವಿಷವೇ ಅವಳನ್ನು ದಿನಾ ಬೆಳಿಗ್ಗೆ ಎಬ್ಬಿಸಿ ಮೇಜಿನ ಮುಂದೆ ಕೂರಿಸುತ್ತಿತ್ತು.

ಗಂಡ ಬಿಟ್ಟುಹೋದ ವರ್ಷ ಅವಳಿಗೆ ಮೇಜೂ ಇರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹಳೆಯ ಗೆಳತಿ ಮಾರ್ಲಿಸ್ ತನ್ನ ಮನೆಯ ಖಾಲಿ ಕೋಣೆ ಬಿಟ್ಟುಕೊಟ್ಟಳು, ಸೂಪು ಬಿಸಿಮಾಡಿ ಬಾಗಿಲಿಗೇ ತಂದಿಟ್ಟಳು. ಅಲ್ಲಿ ಕೂತು ಥೋರಾ ಹ್ಯಾಸ್ಕಿನ್ಸನ ಚರ್ಮ ಸುಲಿಯುವ ಕಾದಂಬರಿ ಬರೆದಳು. ಪ್ರಕಾಶಕರ ವಕೀಲ ಓದಿ ಬೆವೆತುಹೋದ. "ಆ ಮನುಷ್ಯ ಕೇಸು ಜಡಿದ್ರೆ ಎಲ್ರೂ ಮುಳುಗ್ತೀವಿ. ಗುರುತು ಸಿಗದ ಹಾಗೆ ಮಾಡಿ" ಅಂದ.

ಥೋರಾ ಅದೇ ಕೋಣೆಯಲ್ಲಿ ಕೂತು ಕಾದಂಬರಿಯ ಹ್ಯಾಸ್ಕಿನ್ಸನನ್ನು ಹೆಂಗಸು ಮಾಡಿದಳು. ಚರ್ಚಿನಲ್ಲಿ ಹಾಡುವವರ ತಂಡ ನಡೆಸುವ, ಹಾಡಲು ಬಂದ ಮಕ್ಕಳ ದನಿಯನ್ನೇ ಕೊಲ್ಲುವ ಮಿಸೆಸ್ ಡ್ರೀರ್. ನಾಲಿಗೆ ಹ್ಯಾಸ್ಕಿನ್ಸನದೇ. ಆದರೆ ನಾಲಿಗೆಗೊಂದು ಮೈ ಬೇಕಲ್ಲ? ಎಡಗಾಲು ಕೊಂಚ ಎಳೆದು ನಡೆಯುವುದು, ಅಂಗಿಯ ತೋಳಿನೊಳಗೆ ಕರವಸ್ತ್ರ ತುರುಕುವುದು, ಉತ್ತರ ಹೇಳುವ ಮೊದಲು ಮೂಗಿನಲ್ಲೇ ಸಣ್ಣಗೆ ರಾಗ ಎಳೆಯುವುದು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿದಳು. ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ. ಬರೆಯುವವರು ಕೇಳಿಕೊಳ್ಳುವುದೇ ಇಲ್ಲ, ಆ ಕಸುಬಿನ ದೋಷವೇ ಅದು. ಕೊನೆಗೆ ಊರಿಗೆ ಊರೇ ಮಿಸೆಸ್ ಡ್ರೀರ್‌ಗೆ ಬೆನ್ನು ತಿರುಗಿಸುವ ಅಧ್ಯಾಯವನ್ನು ಥೋರಾ ಚಪ್ಪರಿಸಿ ಚಪ್ಪರಿಸಿ ಬರೆದಳು.

ಪುಸ್ತಕ ಬಂತು, ಜನ ಕೊಂಡರು. ಅದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಪುಸ್ತಕದಂಗಡಿಯಲ್ಲಿ ಅವಳು ಜನರೆದುರು ತನ್ನ ಪುಸ್ತಕ ಓದುವ ಸಂಜೆ ಮೊದಲ ಸಾಲಿನಲ್ಲಿ ಹ್ಯಾಸ್ಕಿನ್ಸ್ ಬಂದು ಕೂತಾಗ ಮಾತ್ರ ಅವಳ ಲೆಕ್ಕ ಶುರುವಾಯಿತು. ಮುದುಕನಾಗಿದ್ದ, ಆದರೆ ಜಂಬ ಹಾಗೇ ಇತ್ತು. ಥೋರಾ ಬೇಕೆಂದೇ ಮಿಸೆಸ್ ಡ್ರೀರ್ ಮಗುವೊಂದನ್ನು ಅಳಿಸುವ ಭಾಗವನ್ನು ಆರಿಸಿ, ಒಂದೊಂದು ಮಾತನ್ನೂ ಅವನ ಮುಖಕ್ಕೇ ಓದಿದಳು.

ಅವನು ಎದ್ದು ನಿಂತ. ಕಣ್ಣಲ್ಲಿ ನೀರು.

"ಈ ಹುಡುಗಿಗೆ ಅಕ್ಷರ ತಿದ್ದಿಸಿದವನು ನಾನು" ಎಂದು ಸಭೆಗೆ ಹೇಳಿದ. "ಆ ಮಕ್ಕಳನ್ನ ಕಾಪಾಡ್ತಾನಲ್ಲ, ಪಿಯಾನೋ ರಿಪೇರಿ ಮಾಡೋ ಮುದುಕ, ಅವನು ನಾನೇ. ಓದ್ತಿದ್ದ ಹಾಗೇ ಗೊತ್ತಾಯ್ತು!"

ಜನ ಚಪ್ಪಾಳೆ ತಟ್ಟಿದರು. ಥೋರಾಳಿಗೆ ಮೈಯೆಲ್ಲ ಉರಿದುಹೋಯಿತು. ಸಹಿ ಹಾಕಿಸಿಕೊಳ್ಳಲು ಅವನು ಮೇಜಿನ ಹತ್ತಿರ ಬಂದಾಗ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಅವನು ನೀವಲ್ಲ ಸಾರ್. ಮಿಸೆಸ್ ಡ್ರೀರ್ ನೀವು."

ಹ್ಯಾಸ್ಕಿನ್ಸ್ ಅವಳನ್ನೇ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ.

"ಹೋಗಮ್ಮಾ! ಹಾಗಿದ್ರೆ ಆ ಪಾತ್ರ ಗೋತಾ ಹೊಡೀತು ಬಿಡು. ಹೇಳದಿದ್ರೆ ಒಂದು ನರಪಿಳ್ಳೆಗೂ ಗೊತ್ತಾಗಲ್ಲ. ಬರಹ ತಾನೇ ಹೇಳ್ಬೇಕು, ನೀನು ವಿವರಿಸೋ ಹಾಗಿಲ್ಲ. ತರಗತೀಲಿ ಅದನ್ನೇ ತಾನೇ ಕಲಿಸಿದ್ದು?" ಎಂದು ಅವಳ ಭುಜ ತಟ್ಟಿ, ಯಾರೋ ಕರೆದರೆಂದು ಅತ್ತ ಹೋದ. ಅಲ್ಲೂ ಅವನ ಸುತ್ತ ನಾಲ್ಕು ಜನ ಸೇರಿಕೊಂಡರು.

ಥೋರಾ ಪೆನ್ನು ಮುರಿಯುವ ಹಾಗೆ ಹಿಡಿದು ಕೂತಿದ್ದಳು. ಸಹಿಗೆ ನಿಂತವರ ಸಾಲು ಕರಗಿತು. ಕೊನೆಗೆ ಮಾರ್ಲಿಸ್ ಬಂದಳು, ಎಡಗಾಲು ಎಳೆಯುತ್ತ.

ಆಗ ಥೋರಾ ನೋಡಿದಳು. ಇಪ್ಪತ್ತು ವರ್ಷ ಕಣ್ಣೆದುರೇ ಇದ್ದದ್ದನ್ನು ಈಗ ನೋಡಿದಳು. ಅಂಗಿಯ ತೋಳಿನಲ್ಲಿ ಕರವಸ್ತ್ರವಿತ್ತು.

"ಮಾರ್ಲಿಸ್, ಅದು ನೀನಲ್ಲ ಕಣೆ" ಎಂದಳು, ಇನ್ನೂ ಯಾರೂ ಏನೂ ಕೇಳದೆಯೇ. "ಅದು ಅವನು. ಆ ಹ್ಯಾಸ್ಕಿನ್ಸ್!"

ಮಾರ್ಲಿಸ್ ಮೂಗಿನಲ್ಲಿ ಸಣ್ಣಗೆ ರಾಗ ಎಳೆಯಲು ಹೋಗಿ, ಗಕ್ಕನೆ ನಿಲ್ಲಿಸಿದಳು. ಅವಳ ಮುಖ ಬಿಳಚಿಕೊಂಡಿತ್ತು.

"ಶಾಲೇಲಿ ಎಲ್ರೂ ಓದಿದ್ದಾರೆ" ಎಂದಳು. "ಅಡುಗೆಮನೇಲಿ ನಾನು ಬಂದ ತಕ್ಷಣ ಮಾತು ನಿಲ್ಲಿಸ್ತಾರೆ. ಇರಲಿ ಬಿಡು. ನಂಗೆ ಒಂದೇ ಒಂದು ಹೇಳು. ಊರೋರೆಲ್ಲ ಅವಳಿಗೆ ಬೆನ್ನು ತಿರುಗಿಸ್ತಾರಲ್ಲ, ಅದನ್ನ ನಮ್ಮನೇಲೇ ಕೂತು ಬರೆದೆಯಲ್ಲ. ಬರೆಯೋವಾಗ ನಿಂಗೆ ಖುಷಿ ಆಯ್ತಾ?"

ಸುಳ್ಳು ಹೇಳುವುದೇ ಥೋರಾಳ ಕಸುಬು. ಆದರೂ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

"ಆಯ್ತು" ಎಂದಳು.

ಮಾರ್ಲಿಸ್ ತಲೆಯಾಡಿಸಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಕಾಲು ಎಳೆಯದಂತೆ ನಡೆಯಲು ಕಷ್ಟಪಡುತ್ತ ಬಾಗಿಲ ಕಡೆ ಹೋದಳು.