ಗುಲಾಮ್ ಭಾಯಿಯ ತಾರೀಕುಗಳು

ಸೋಮವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಉಮ್ಮರಬ್ಬ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕತ್ತರಿ ಆಡಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಗುಲಾಮ್ ಭಾಯ್’ ಎಂಬ ಹೆಸರು. ಐದು ವಾರಗಳ ಮುನಿಸಿನಲ್ಲಿ ಆ ಹೆಸರು ಮೂಡಿದ್ದು ಇದು ಎರಡನೆಯ ಸಲ. ಮೊದಲ ಸಲ, ಕಳೆದ ಗುರುವಾರ ಸಂಜೆ, ಉಮ್ಮರಬ್ಬ ಬೇಕೆಂದೇ ಎತ್ತಿರಲಿಲ್ಲ. ಈಗ ಮನಸ್ಸು ತಡೆಯಲಿಲ್ಲ. ಕತ್ತರಿ ಇಟ್ಟು ಫೋನನ್ನು ಕಿವಿಗೆ ಹಿಡಿದವರೇ, ಸಲಾಮು ಕೂಡ ಹೇಳದೆ, “ಎಂತ ಮಾರಾಯ, ಅಂತೂ ನಿನಗೆ ನನ್ನ ನೆನಪಾಯಿತಾ?” ಎಂದು ನಕ್ಕರು.

ಆ ಕಡೆಯಿಂದ ಬಂದದ್ದು ಗುಲಾಮ್ ಭಾಯಿಯ ಮಗನ ದನಿ.

“ಚಾಚಾ, ನಾನು ಇಮಾದ್. ಅಬ್ಬಾ ಹೋಗಿಬಿಟ್ಟರು. ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಚಾಪೆಯ ಮೇಲೆ ಕೂತಿದ್ದವರು ಹಾಗೆಯೇ ಒಂದು ಬದಿಗೆ ವಾಲಿದರು. ಎಲ್ಲರಿಗಿಂತ ಮೊದಲು ನಿಮಗೆ ಹೇಳಬೇಕೆಂದು ಅಮ್ಮ ಹೇಳಿದರು.”

ಉಮ್ಮರಬ್ಬ ಸಾವಿನ ಸುದ್ದಿಗೆ ಹೇಳುವ ‘ಇನ್ನಾ ಲಿಲ್ಲಾಹಿ’ಯನ್ನು ಅರ್ಧಕ್ಕೇ ಬಿಟ್ಟು, ಹಾಸಿದ ಬಟ್ಟೆಯ ಮೇಲೆ ಎರಡೂ ಕೈ ಊರಿ ನಿಂತರು. ಅಂದು ಅಂಗಡಿಯ ಬಾಗಿಲು ಎಳೆದವರು ಮೂರು ದಿನ ತೆರೆಯಲಿಲ್ಲ.

ಜಿದ್ದಾ ನಗರದ ಶರಫಿಯಾ ಪೇಟೆಯಲ್ಲಿ ಉಮ್ಮರಬ್ಬನ ಟೈಲರ್ ಅಂಗಡಿಯೂ ಗುಲಾಮ್ ಮುಹಮ್ಮದರ ಗಡಿಯಾರದ ಅಂಗಡಿಯೂ ಮೂವತ್ತೊಂದು ವರ್ಷದಿಂದ ಎದುರುಬದುರು. ಇವರು ಉಳ್ಳಾಲದ ಬ್ಯಾರಿ, ಅವರು ಭಟ್ಕಳದ ನವಾಯತ. ಇವರ ಮನೆಮಾತು ಅವರಿಗೆ ಬಾರದು, ಅವರದು ಇವರಿಗೆ ಬಾರದು. ನಡುವೆ ಇದ್ದದ್ದು ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡ. ಜಗಳವಾಡಲು ಅದು ಸಾಕಾಗಿತ್ತು.

ಗುಲಾಮ್ ಮುಹಮ್ಮದರಿಗೆ ಎರಡೇ ಚಟ. ಒಂದು, ನಿಂತ ಗಡಿಯಾರವನ್ನು ನಡೆಸುವುದು. ಇನ್ನೊಂದು, ಸ್ಪೇನ್ ದೇಶದ ರಿಯಲ್ ಮ್ಯಾಡ್ರಿಡ್ ಫುಟ್ಬಾಲ್ ತಂಡದ ಯುರೋಪಿನ ಪಂದ್ಯಗಳನ್ನೂ ಫೈನಲುಗಳನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು. ಯುರೋಪಿನ ಕಪ್ಪನ್ನು ಹದಿನೈದು ಸಲ ಗೆದ್ದ ತಂಡ ಅದು. ಬೇರೆ ಯಾರೂ ಆ ಹತ್ತಿರಕ್ಕೂ ಬಂದಿಲ್ಲ. ಕಪ್ಪು ಶುರುವಾದ ಮೊದಲ ಐದು ವರ್ಷ ಐದೂ ಅವರದೇ. ಅರವತ್ತನೆಯ ಇಸವಿಯ ಫೈನಲಿನಲ್ಲಿ ಏಳು ಗೋಲು, ಅದರಲ್ಲಿ ಒಬ್ಬನದೇ ನಾಲ್ಕು, ಇನ್ನೊಬ್ಬನದು ಮೂರು. ಆಮೇಲೆ ಅರವತ್ತಾರರಿಂದ ತೊಂಬತ್ತೆಂಟರವರೆಗೆ ಮೂವತ್ತೆರಡು ವರ್ಷ ಕಪ್ಪೇ ಇಲ್ಲ. “ಮೂವತ್ತೆರಡು ವರ್ಷ ಸಬರ್ ಮಾಡಿದ್ದಾರೆ, ಗೊತ್ತುಂಟಾ ನಿನಗೆ? ನೀನು ಒಂದು ಚಹಾ ಬರುವವರೆಗೆ ಸಬರ್ ಮಾಡುವುದಿಲ್ಲ” ಎಂದು ಗುಲಾಮ್ ಭಾಯ್ ಹೇಳುವುದಿತ್ತು. ಎಂಬತ್ತೊಂದರಲ್ಲಿ ಸೋತ ಮೇಲೆ ಆ ಕಪ್ಪಿನ ಒಂಬತ್ತು ಫೈನಲ್ ಆಡಿದ್ದಾರೆ, ಒಂಬತ್ತನ್ನೂ ಗೆದ್ದಿದ್ದಾರೆ ಎಂಬುದು ಅವರು ಗಿರಾಕಿಗಳಿಗೂ ಬಿಡದೆ ಹೇಳುತ್ತಿದ್ದ ಲೆಕ್ಕ. ಗಡಿಯಾರಕ್ಕೆ ಸೆಲ್ ಹಾಕಿಸಲು ಬಂದ ಬಡಪಾಯಿ ಅದನ್ನು ಕೇಳಿಯೇ ಹೋಗಬೇಕು.

ಉಮ್ಮರಬ್ಬನಿಗೆ ಯಾವ ತಂಡವೂ ಇರಲಿಲ್ಲ. ಮ್ಯಾಡ್ರಿಡ್ ಯಾರ ಮೇಲೆ ಆಡುತ್ತದೋ ಅವರೇ ಅವರ ತಂಡ. ಆದರೂ ಒಂದು ಪಂದ್ಯ ತಪ್ಪಿಸಿದವರಲ್ಲ. ರಾತ್ರಿಯ ಇಶಾ ನಮಾಜು ಮುಗಿಸಿ, ಗಡಿಯಾರದ ಅಂಗಡಿಯ ಬಾಗಿಲು ಅರ್ಧ ಎಳೆದು, ಮೂಲೆಯ ಸಣ್ಣ ಟಿವಿಯ ಮುಂದೆ ಇಬ್ಬರೂ ಕೂರುವರು. ಎರಡು ಸಾವಿರದ ಇಪ್ಪತ್ತರಲ್ಲಿ ಆ ತಂಡ ಜಿದ್ದಾಕ್ಕೇ ಬಂದು ಪೆನಾಲ್ಟಿಯಲ್ಲಿ ಕಪ್ಪು ಗೆದ್ದಾಗ ಇಬ್ಬರೂ ಮೈದಾನಕ್ಕೆ ಹೋಗಿದ್ದರು. ಗುಲಾಮ್ ಭಾಯ್ ಅಂದು ಮಕ್ಕಳಂತೆ ಅತ್ತದ್ದನ್ನು ಉಮ್ಮರಬ್ಬ ಯಾರಿಗೂ ಹೇಳಲಿಲ್ಲ.

ಗುಲಾಮ್ ಭಾಯ್ ಮಾತ್ರ ಅಷ್ಟು ಉದಾರಿಯಲ್ಲ. ಹನ್ನೊಂದು ವರ್ಷದ ಹಿಂದೆ ಲಿಸ್ಬನ್ನಿನ ಫೈನಲಿನಲ್ಲಿ ಮ್ಯಾಡ್ರಿಡ್ ಇನ್ನೇನು ಸೋತಿತು ಎನ್ನುವಾಗ, ತೊಂಬತ್ತು ನಿಮಿಷ ಕಳೆದ ಮೇಲೆ, ಒಂದು ತಲೆಯೇಟು ಗೋಲು ಬಂದು ಕಪ್ಪು ಉಳಿಯಿತು. ಆ ಗೋಲನ್ನು ಉಮ್ಮರಬ್ಬ ನೋಡಲಿಲ್ಲ. “ಇಡೀ ಲೋಕ ಎದ್ದು ನಿಂತಾಗ ಗೊರಕೆ ಹೊಡೆದವ ಇವನೊಬ್ಬನೇ” ಎಂದು ಗುಲಾಮ್ ಭಾಯ್ ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಉಮ್ಮರಬ್ಬ ಮೊದಮೊದಲು ಅಲ್ಲಗಳೆದು, ಆಮೇಲೆ ಸುಮ್ಮನಾಗಿದ್ದರು. ಸುಮ್ಮನಾದರೂ ಅದು ಒಳಗೆ ಇತ್ತು.

ಅದು ಹೊರಬಿದ್ದದ್ದು ಈ ಜನವರಿಯಲ್ಲಿ. ಮ್ಯಾಡ್ರಿಡ್ ಮತ್ತೆ ಜಿದ್ದಾಕ್ಕೆ ಬಂದು ಬಾರ್ಸಿಲೋನಾದ ಕೈಯಲ್ಲಿ ಐದು ಎರಡರಿಂದ ಸೋತಿತು. ಮರುದಿನ ಇಳಿಹೊತ್ತಿನ ಅಸರ್ ನಮಾಜು ಕಳೆದು ರಝಾಕನ ಚಹಾದಂಗಡಿಯಲ್ಲಿ ಗುಲಾಮ್ ಭಾಯ್ ಸಪ್ಪೆ ಮೋರೆಯಲ್ಲಿ ಪುಸ್ತಕ ಬಿಡಿಸಿ ಬರೆಯುತ್ತಿದ್ದರು.

“ಐದು ಸರಿಯಾಗಿ ಬರಿ ಮಾರಾಯ, ಮೂರು ಅಂತ ಬರೆದುಬಿಟ್ಟೀಯ” ಎಂದರು ಉಮ್ಮರಬ್ಬ.

“ನೀನು ಮಲಗು ಉಮ್ಮರ್. ಲಿಸ್ಬನ್ನಿನ ನಿದ್ದೆ ಇನ್ನೂ ಬಾಕಿ ಉಂಟು ನಿನಗೆ.”

ಅಂಗಡಿಯಲ್ಲಿದ್ದ ಏಳೆಂಟು ಜನ ನಕ್ಕರು. ಉಮ್ಮರಬ್ಬನಿಗೆ ಚುಚ್ಚಿತು. ಪುಸ್ತಕಕ್ಕೆ ಬಗ್ಗಿ ನೋಡಿದರೆ, ಗುಲಾಮ್ ಭಾಯ್ ಎಂದಿನಂತೆ ಇಸ್ಲಾಮಿ ಪಂಚಾಂಗದ ಹಿಜರಿ ತಾರೀಕು ಬರೆದಿದ್ದರು: ರಜಬ್ ಹದಿಮೂರು.

“ಹದಿಮೂರಾ? ಹದಿಮೂರು ಇವತ್ತು. ಪಂದ್ಯ ನಿನ್ನೆ. ನಿನ್ನೆ ಹನ್ನೆರಡು” ಎಂದವರೇ ಪುಸ್ತಕವನ್ನು ಎಳೆದುಕೊಂಡು, ಹಿಂದಿನ ಪುಟಗಳನ್ನು ಮಗುಚಿ, ಒಂದೊಂದನ್ನೂ ಫೋನಿನಲ್ಲಿ ತಾಳೆ ನೋಡಿದರು. ಹದಿನೈದನೆಯ ಕಪ್ಪಿನ ದಿನ ದುಲ್ ಕಅದ ಇಪ್ಪತ್ತೈದು ಎಂದಿತ್ತು. ಫೋನು ಇಪ್ಪತ್ತನಾಲ್ಕು ಎಂದಿತು. ಲಿಸ್ಬನ್ನಿನದ್ದೂ ಒಂದು ದಿನ ಹೆಚ್ಚು. “ನೋಡಿ ಇಲ್ಲಿ! ಊರಿಗೆಲ್ಲ ಗಡಿಯಾರ ಮಾರುವವನಿಗೆ ದಿನ ಯಾವುದೆಂದು ಗೊತ್ತಿಲ್ಲ. ಇದು ಇಡೀ ಸುಳ್ಳು ಪುಸ್ತಕ. ಇವನೂ ಸುಳ್ಳ, ಇವನ ಕಪ್ಪುಗಳೂ ಸುಳ್ಳು.”

ಈ ಸಲ ನಗು ಜೋರಾಗಿ ಬಂತು. ಗುಲಾಮ್ ಭಾಯ್ ನಗಲಿಲ್ಲ. ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡು ಮುಚ್ಚಿದರು.

“ಸ್ವಲ್ಪ ಯೋಚನೆ ಮಾಡು ಉಮ್ಮರ್. ನೀನೂ ಐದು ಹೊತ್ತಿನ ನಮಾಜಿನವ” ಎಂದಷ್ಟೇ ಹೇಳಿ, ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅಂದಿನಿಂದ ಮಾತಿಲ್ಲ. ಎದುರುಬದುರು ಅಂಗಡಿ, ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ.

ಉಳ್ಳಾಲದಿಂದ ಹೆಂಡತಿ ಸಫಿಯಮ್ಮ ಫೋನಿನಲ್ಲಿ ಬೈದರು. “ನಿಮಗೆ ಎಷ್ಟು ವರ್ಷ ಆಯಿತು ಮಾರಾಯ್ರೆ? ಅರವತ್ತೆಂಟಾ, ಎಂಟಾ? ರಂಝಾನ್ ಬರುವ ಮೊದಲು ಹೋಗಿ ಒಂದು ಮಾತು ಹೇಳಿ.” ಹೇಳುತ್ತೇನೆ ಎಂದರು ಉಮ್ಮರಬ್ಬ. ಹೇಳಲಿಲ್ಲ.

ಗುರುವಾರ ಸಂಜೆ ಗುಲಾಮ್ ಭಾಯಿಯ ಕರೆ ಬಂದದ್ದು ಅದರ ಮೇಲೆ. ಅಂದು ಶಅಬಾನ್ ತಿಂಗಳ, ಪಾಪಮನ್ನಣೆ ಬೇಡುವ ಬರಾಅತ್ ರಾತ್ರಿ. ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜು ಮುಗಿಸಿ, ಊರಿನ ರೂಢಿಯಂತೆ ಉಮ್ಮರಬ್ಬ ಕೋಣೆಯಲ್ಲಿ ಒಬ್ಬರೇ ಕೂತು ಕುರಾನಿನ ಯಾಸೀನ್ ಅಧ್ಯಾಯವನ್ನು ಮೂರು ಸಲ ಓದುತ್ತಿದ್ದರು. ಎರಡನೆಯದು ಮುಗಿದು ಮೂರನೆಯದು ಶುರುವಾಗುವ ಮೊದಲು ಫೋನು ಹೊಡೆಯಿತು. ಎತ್ತಬಹುದಿತ್ತು. ‘ಓದುವಾಗ ಏಳಬಾರದು’ ಎಂದು ತಮಗೆ ತಾವೇ ಹೇಳಿಕೊಂಡು, ಅದು ಹೊಡೆದು ಹೊಡೆದು ನಿಲ್ಲುವವರೆಗೆ ಕಿತಾಬಿನ ಮೇಲೆ ಕಣ್ಣಿಟ್ಟು ಕೂತರು. ಮರುದಿನ ಶುಕ್ರವಾರ ಗುಲಾಮ್ ಭಾಯ್ ಉಮ್ರಾ ಯಾತ್ರೆಗೆ ಹೋದರೆಂದು ರಝಾಕ್ ಹೇಳಿದ. ಉಮ್ರಾಕ್ಕೆ ಹೊರಡುವವರು ಪರಿಚಯದವರಿಗೆಲ್ಲ ಫೋನು ಮಾಡಿ ತಪ್ಪು ಮನ್ನಿಸಿ ಎಂದು ಕೇಳುವುದು ವಾಡಿಕೆ. ವಾಡಿಕೆಗೆ ಮಾಡಿದ್ದು, ಬಂದ ಮೇಲೆ ಮಾತಾಡಿದರಾಯಿತು ಎಂದುಕೊಂಡರು ಉಮ್ಮರಬ್ಬ. ಶುಕ್ರವಾರ ರಾತ್ರಿಯೇ ಅವರು ಹಿಂದಿರುಗಿದರು. ಅದರ ಮೂರನೆಯ ಬೆಳಿಗ್ಗೆಯೇ ಆ ಎರಡನೆಯ ಕರೆ.

ಅದೇ ದಿನ ಅಸರ್ ನಮಾಜಿನ ಬಳಿಕ ಅಂತ್ಯಕ್ರಿಯೆಯ ಜನಾಝಾ ನಮಾಜು ನಡೆಯಿತು. ಇಮಾದ್ ಎದ್ದು ನಿಂತು, “ಅಬ್ಬಾರಿಂದ ಯಾರಿಗಾದರೂ ನೋವಾಗಿದ್ದರೆ ಅಲ್ಲಾಹನಿಗಾಗಿ ಮಾಫ್ ಮಾಡಿ” ಎಂದು ಕೇಳಿಕೊಂಡ. ಸುತ್ತಲಿನವರು ‘ಮಾಫ್, ಮಾಫ್’ ಎಂದರು. ಉಮ್ಮರಬ್ಬನ ತುಟಿ ಆಡಲಿಲ್ಲ. ನನ್ನನ್ನು ಮಾಫ್ ಮಾಡುವವನು ಇಲ್ಲಿ ಮಲಗಿದ್ದಾನೆ, ನಾನು ಯಾರಿಗೆ ಮಾಫ್ ಮಾಡಲಿ ಎನಿಸಿತು ಅವರಿಗೆ. ಮೂರು ಹಿಡಿ ಮಣ್ಣು ಹಾಕಿ ಮನೆಗೆ ಬಂದರು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮನ್ನಿಸಬೇಕು ಎಂದು ಚಿಕ್ಕಂದಿನಲ್ಲಿ ಉಸ್ತಾದರು ಹೇಳಿಕೊಟ್ಟದ್ದು ಎರಡು ದಿನ ಅವರನ್ನು ಊಟಕ್ಕೆ ಬಿಡಲಿಲ್ಲ.

ಮೂರನೆಯ ದಿನ, ಬುಧವಾರ, ಗುಲಾಮ್ ಭಾಯಿಯ ಮನೆಗೆ ಹೋದರು. ಬಂದವರೆಲ್ಲ ಎದ್ದುಹೋಗುವವರೆಗೆ ಮೂಲೆಯಲ್ಲಿ ಕೂತಿದ್ದು, ಆಮೇಲೆ ಇಮಾದನ ಮುಂದೆ ನಡೆದದ್ದನ್ನೆಲ್ಲ ಹೇಳಿದರು. ಸುಳ್ಳ ಎಂದದ್ದನ್ನೂ ಹೇಳಿದರು, ಫೋನು ಎತ್ತದೆ ಕೂತದ್ದನ್ನೂ ಹೇಳಿದರು.

ಇಮಾದ್ ಸಮಾಧಾನಕ್ಕೆಂದು ಇಲ್ಲದ್ದನ್ನು ಹೇಳಲಿಲ್ಲ. “ಅಬ್ಬಾರಿಗೆ ಬೇಜಾರಾಗಿತ್ತು ಚಾಚಾ. ಮೂರು ದಿನ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ” ಎಂದ.

ಆಗ ಒಳಬಾಗಿಲ ಪರದೆಯ ಹಿಂದಿನಿಂದ ಗುಲಾಮ್ ಭಾಯಿಯ ಹೆಂಡತಿ ಝೈಬುನ್ನಿಸಾ ಮಾತಾಡಿದರು. “ಉಮ್ಮರ್ ಭಾಯ್, ನೀವು ಎತ್ತದಾಗ ಅವರು ನಕ್ಕರು. ‘ಯಾಸೀನ್ ಓದುತ್ತಿದ್ದಾನೆ, ಇವತ್ತು ಹದಿನೈದಲ್ಲವಾ, ಈಗಲಾದರೂ ಅವನಿಗೆ ಗೊತ್ತಾಗಬಹುದು’ ಎಂದರು. ‘ನಾನು ಅವನಿಗೆ ಮಾಫ್ ಮಾಡಿಯಾಯಿತು, ಅವನು ನನಗೆ ಮಾಡಬೇಕಷ್ಟೆ’ ಎಂದೂ ಹೇಳಿದರು. ಎಂಥದಕ್ಕೆ ಎಂದು ಕೇಳಿದೆ. ‘ಪುಸ್ತಕದಲ್ಲಿ ಉಂಟು’ ಎಂದರು.”

ಇಮಾದ್ ಒಳಗೆ ಹೋಗಿ ಪುಸ್ತಕ ತಂದುಕೊಟ್ಟ. “ಅಬ್ಬಾ ಬೇರೆಲ್ಲ ಉರ್ದುವಿನಲ್ಲೇ ಬರೆಯುತ್ತಿದ್ದರು. ಇದೊಂದು ಮಾತ್ರ ಕನ್ನಡ. ‘ಉಮ್ಮರ್ ಓದಬೇಡವಾ’ ಎನ್ನುತ್ತಿದ್ದರು” ಎಂದ.

ಉಮ್ಮರಬ್ಬ ಕನ್ನಡಕ ಒರೆಸಿಕೊಂಡು ಪುಸ್ತಕ ಬಿಡಿಸಿದರು. ಅಂದು ಚಹಾದಂಗಡಿಯಲ್ಲಿ ತಾರೀಕು ಬಿಟ್ಟು ಬೇರೇನನ್ನೂ ಅವರು ಓದಿರಲಿಲ್ಲ. ತಾರೀಕು, ಊರು, ಎದುರಾಳಿ, ಗೋಲು. ಕಟ್ಟಕಡೆಯಲ್ಲಿ ‘ಜೊತೆಗೆ’ ಎಂಬ ಒಂದು ಸಾಲು. ಅದರ ಉದ್ದಕ್ಕೂ ಉಮ್ಮರಬ್ಬ, ಉಮ್ಮರಬ್ಬ, ಉಮ್ಮರಬ್ಬ. ಒಂದೆಡೆ ‘ಉಮ್ಮರಬ್ಬ, ಜ್ವರ ಇದ್ದರೂ ಬಂದ’. ಕೊನೆಯ ಮೂರು ಪಂದ್ಯಗಳ ಎದುರು ಆ ಜಾಗ ಖಾಲಿ. ಲಿಸ್ಬನ್ನಿನ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ‘ನನಗೆ ಎದೆ ಬಡಿದುಕೊಂಡು ನೋಡಲಾಗಲಿಲ್ಲ. ಉಮ್ಮರಬ್ಬನನ್ನು ಚಹಾ ತರಲು ಕಳುಹಿಸಿದೆ. ಅವನು ಬರುವಷ್ಟರಲ್ಲಿ ಗೋಲು. ಚಹಾ ಚೆಲ್ಲಿದೆ.’

ಹನ್ನೊಂದು ವರ್ಷ ಬಾಯಿ ತಮಾಷೆಗೆ ಸುಳ್ಳು ಹೇಳಿತ್ತು. ಪುಸ್ತಕ ಹೇಳಿರಲಿಲ್ಲ.

ತಾರೀಕಿನ ಗುಟ್ಟು ಆಗ ತಾನೇ ಬಿಚ್ಚಿಕೊಂಡಿತು. ಸೂರ್ಯ ಮುಳುಗಿದರೆ ಮುಸಲ್ಮಾನನಿಗೆ ಮರುದಿನ ಹುಟ್ಟಿತು. ಗುರುವಾರದ ಸಂಜೆಯನ್ನು ಶುಕ್ರವಾರದ ರಾತ್ರಿ ಎಂದು ಕರೆದು ಬೆಳೆದವರು ಉಮ್ಮರಬ್ಬ. ಫೋನು ಹದಿನಾಲ್ಕು ಎನ್ನುವ ಸಂಜೆಯಲ್ಲಿ ಹದಿನೈದರ ಬರಾಅತ್ ಎಂದು ಯಾಸೀನ್ ಓದಿದ್ದೂ ಅವರೇ. ಫೋನು ನಡುರಾತ್ರಿಯವರೆಗೆ ಹಳೆಯ ದಿನವನ್ನೇ ತೋರಿಸುತ್ತದೆ, ಪಂದ್ಯಗಳೆಲ್ಲ ಮಗ್ರಿಬ್ ಕಳೆದ ಮೇಲಿನವು. ಗಡಿಯಾರದವನು ಒಂದು ದಿನವನ್ನೂ ತಪ್ಪಿರಲಿಲ್ಲ.

“ಮಾಫ್” ಎಂದರು ಉಮ್ಮರಬ್ಬ. ಜನಾಝಾದಲ್ಲಿ ಬಾರದ ಮಾತು ಈಗ ಬಂತು. “ಅವನಿಗೆ ನನ್ನ ಕಡೆಯಿಂದ ಎಲ್ಲ ಮಾಫ್. ಗೊರಕೆಯೂ ಮಾಫ್.” ಪರದೆಯ ಹಿಂದೆ ಝೈಬುನ್ನಿಸಾ ಅತ್ತರೋ ನಕ್ಕರೋ ತಿಳಿಯಲಿಲ್ಲ.

“ಪುಸ್ತಕ ನೀವೇ ಇಟ್ಟುಕೊಳ್ಳಿ ಚಾಚಾ. ಇವತ್ತು ರಾತ್ರಿಯೂ ಪಂದ್ಯ ಉಂಟು. ನೀವು ಬರೆಯದಿದ್ದರೆ ಇನ್ನು ಯಾರು ಬರೆಯುತ್ತಾರೆ?” ಎಂದ ಇಮಾದ್.

ಅಂದು ಅವರು ಪಂದ್ಯ ನೋಡಲಿಲ್ಲ, ಮನಸ್ಸು ಬರಲಿಲ್ಲ. ಗುರುವಾರ ಅಸರ್ ಕಳೆದು ಪುಸ್ತಕ ಹಿಡಿದು ರಝಾಕನ ಅಂಗಡಿಗೆ ನಡೆದರು. ಅಂದು ನಕ್ಕವರಲ್ಲಿ ಹೆಚ್ಚಿನವರು ಅಲ್ಲೇ ಇದ್ದರು. ಉಮ್ಮರಬ್ಬ ಕೂರದೆ ನಿಂತೇ ಹೇಳಿದರು. “ಇಲ್ಲಿಯೇ ನಾನು ಗುಲಾಮ್ ಮುಹಮ್ಮದನನ್ನು ಸುಳ್ಳ ಎಂದೆ. ಇಲ್ಲಿಯೇ ಹೇಳುತ್ತೇನೆ ಕೇಳಿ, ಅವನ ತಾರೀಕುಗಳೆಲ್ಲ ಸರಿ. ಮಗ್ರಿಬ್ ಕಳೆದರೆ ಮರುದಿನ. ಅದನ್ನು ಮರೆತವನು ನಾನು.”

ರಝಾಕ್ ಕೆಟಲು ಇಳಿಸಿ, “ನಮಗೂ ಹೊಳೆಯಲಿಲ್ಲವಲ್ಲ ಉಮ್ಮರಾಕ. ನಾವೆಲ್ಲ ಮದ್ರಸಕ್ಕೆ ಹೋದದ್ದು ಎಂತಕ್ಕೆ, ಗಂಜಿಗಾ?” ಎಂದ. “ನಿನ್ನೆ ಅವರ ತಂಡ ಗೆದ್ದಿತು. ಮೂರು ಒಂದು. ಮ್ಯಾಂಚೆಸ್ಟರ್ ಸಿಟಿ ಮನೆಗೆ.”

ಉಮ್ಮರಬ್ಬ ಕೂತು ಪುಸ್ತಕ ಬಿಡಿಸಿದರು. ಫೋನಿನಲ್ಲಿ ನಿನ್ನೆಯ ದಿನ ಇಪ್ಪತ್ತು ಎಂದಿತ್ತು. ಅವರು ಅದನ್ನು ಲೆಕ್ಕಿಸದೆ, ಬಟ್ಟೆಗೆ ಗುರುತು ಹಾಕುವಷ್ಟು ಜೋಪಾನವಾಗಿ ಬರೆದರು: ಶಅಬಾನ್ ಇಪ್ಪತ್ತೊಂದು, ಮ್ಯಾಡ್ರಿಡ್, ಮೂರು ಒಂದು. ‘ಜೊತೆಗೆ’ ಎಂಬಲ್ಲಿ ಪೆನ್ನು ನಿಂತಿತು. ಹಿಂದಿನ ಮೂರು ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟರು. ಇಲ್ಲದವನನ್ನು ಇದ್ದ ಎಂದು ಬರೆಯುವ ಪುಸ್ತಕ ಅದಲ್ಲ. ಈ ನಾಲ್ಕನೆಯದನ್ನೂ ಖಾಲಿ ಬಿಟ್ಟು ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಬಿಚ್ಚಿ ಹಿಡಿದರು. ಅಂಗಡಿಯಲ್ಲಿದ್ದವರೂ ಲೋಟ ಕೆಳಗಿಟ್ಟು ಕೈಯೆತ್ತಿದರು.

“ಯಾ ಅಲ್ಲಾಹ್, ದಿನಗಳನ್ನೂ ರಾತ್ರಿಗಳನ್ನೂ ಸರಿಯಾಗಿ ಎಣಿಸಿದ ನಿನ್ನ ದಾಸ ಗುಲಾಮ್ ಮುಹಮ್ಮದ್ ನಿನ್ನ ಬಳಿಗೆ ಬಂದಿದ್ದಾನೆ. ಅವನ ತಪ್ಪುಗಳನ್ನು ಮನ್ನಿಸು. ಅವನ ಕಬರನ್ನು ಅಗಲ ಮಾಡು, ಅದರಲ್ಲಿ ಬೆಳಕು ತುಂಬು. ಅವನು ಕಾದು ಕೂತ ಕಡೆಗೆ ನಾವು ಬರುವವರೆಗೆ ಅವನಿಗೆ ಶಾಂತಿಯನ್ನು ಕೊಡು. ಆಮೀನ್.”