ಎಬ್ಬಿಸುವವರಿಲ್ಲದ ಮನೆ

ಅಕ್ಕ ಮದುವೆಯಾಗುತ್ತೇನೆ ಎಂದು ಹೇಳಿದಾಗ ಅವಳ ತಲೆಯಲ್ಲಿ ಕಪ್ಪು ಕೂದಲಿಗಿಂತ ಬಿಳಿಯದೇ ಹೆಚ್ಚಾಗಿತ್ತು. ಹುಡುಗ, ಹಾಗೆ ಕರೆಯಬಹುದಾದರೆ, ಪೇಟೆಯ ಆ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ವಿಧುರ. ಓದುವ ಕನ್ನಡಕ ಮಾಡಿಸಲು ಹೋದವಳು ಕಡ್ಡಿ ಸಡಿಲ, ಮೂಗು ಬಿಗಿ ಎಂದು ಮತ್ತೆ ಮತ್ತೆ ಹೋಗಿಬಂದಿದ್ದಳು. ಒಂದು ಕನ್ನಡಕಕ್ಕೆ ಇಷ್ಟೊಂದು ರಿಪೇರಿ ಯಾಕೆ ಎಂದು ತಮ್ಮನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮನೆಯ ಒಳಗಿನ ಯಾವ ಸಂಗತಿಯ ಬಗ್ಗೆಯೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಎದ್ದರೆ ಬಿಸಿನೀರು ಕಾದಿರುತ್ತಿತ್ತು, ಗೂಟದಲ್ಲಿ ಇಸ್ತ್ರಿಯಾದ ಅಂಗಿ ತೂಗುತ್ತಿತ್ತು, ಮೇಜಿನ ಮೇಲೆ ಊಟದ ಡಬ್ಬಿ ಕೂತಿರುತ್ತಿತ್ತು. ಸೂರ್ಯ ಹುಟ್ಟುವ ಹಾಗೆ ಇವೂ ತಮ್ಮಷ್ಟಕ್ಕೆ ತಾವೇ ಆಗುತ್ತವೆ ಎಂದುಕೊಂಡಿದ್ದ.

ಹಾಗಂತ ಅವನೇನು ದಡ್ಡನಲ್ಲ. ಒಂದು ಕಾಲು ಗಿಡ್ಡವಾದವರಿಗೆ, ಪಾದ ತಿರುಚಿದವರಿಗೆ, ಬೆರಳು ಕಳಕೊಂಡವರಿಗೆ ಬೂಟು ಮಾಡಿಕೊಡುವುದು ಅವನ ಕಸುಬು. ಪೇಟೆಯವರು ಅವನನ್ನು ಬೂಟಿನ ಡಾಕ್ಟರು ಎನ್ನುತ್ತಿದ್ದರು. ಅಕ್ಕ ಮಾತ್ರ ಪುಟ್ಟ ಎನ್ನುತ್ತಿದ್ದಳು. ತಾಯಿ ಹೋದಾಗ ಅವನು ಅಂಬೆಗಾಲಿಡುತ್ತಿದ್ದ ಕೂಸು. ಆವತ್ತು ಎತ್ತಿಕೊಂಡವಳು ಅವನ ಕಿವಿಯ ಮೇಲೆ ಕೂದಲು ನರೆತರೂ ಕೆಳಗಿಳಿಸಿರಲಿಲ್ಲ. ಬೆಳಿಗ್ಗೆ ಅವನನ್ನು ಎಬ್ಬಿಸುವುದೂ ಅವಳ ಕೆಲಸವೇ ಆಗಿತ್ತು. ಮೊದಲು ಬಾಗಿಲಿನಿಂದ ಕೂಗು, ಆಮೇಲೆ ಹೊದಿಕೆ ಎಳೆಯುವುದು, ಕೊನೆಗೆ ಬೈಗುಳ.

ಹೋಗುವ ಮುಂಚೆ ಅವಳು ಒಲೆ ಹಚ್ಚುವುದು, ಅಕ್ಕಿ ತೊಳೆಯುವುದು, ಅಂಗಿಯ ಕಾಲರು ಉಜ್ಜುವುದು ಎಲ್ಲವನ್ನೂ ಕೈಹಿಡಿದು ತೋರಿಸಿದಳು. ಅವನು ಕೋಲೆ ಬಸವನ ಹಾಗೆ ತಲೆಯಾಡಿಸಿದ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ರುಜು ಹಾಕಿದ, ನಕ್ಕ, ಭಾವನ ಕೈ ಕುಲುಕಿದ. ಮನೆಗೆ ಬಂದು ಹಸಿವಾದಾಗ ಅಭ್ಯಾಸದಂತೆ ಮೇಜಿನ ಮುಂದೆ ಕೂತ. ಸುಮಾರು ಹೊತ್ತು ಕೂತ ಮೇಲೆ, ಈ ಮೇಜಿಗೆ ಇನ್ನು ಯಾರೂ ಏನೂ ತಂದಿಡುವುದಿಲ್ಲ ಎಂದು ಹೊಳೆಯಿತು.

ಅಲ್ಲಿಂದ ಮನೆ ಇಳಿಜಾರು ಹಿಡಿಯಿತು. ತಟ್ಟೆಗಳು ಬಚ್ಚಲಲ್ಲಿ ಗುಡ್ಡೆಯಾದವು. ಅವನು ಬ್ರೆಡ್ಡು ತಿಂದ, ಅದು ಬೂಷ್ಟು ಹಿಡಿದಾಗ ಬಿಸ್ಕತ್ತು ತಿಂದ. ಅಂಗಿ ಮಾಸಿದರೆ ತಿರುವಿ ಹಾಕಿಕೊಂಡ. ಅಂಗಡಿ ತೆರೆಯುವ ಹೊತ್ತು ಜಾರುತ್ತಾ ಜಾರುತ್ತಾ ಮಧ್ಯಾಹ್ನಕ್ಕೆ ಬಂತು. ಅಲಾರಾಂ ಹೊಡೆದರೆ ಅದರ ತಲೆಗೆ ಒಂದು ತಟ್ಟಿ ಮತ್ತೆ ಮಲಗುತ್ತಿದ್ದ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: ಅಕ್ಕ ಇಲ್ಲವಲ್ಲ. ಕುಣಿಯಲಾರದವರಿಗೆ ನೆಲ ಡೊಂಕು; ಅವನಿಗೆ ಅಕ್ಕನ ಮದುವೆ ಡೊಂಕು. ಅವಳು ಆಗೀಗ ಬಂದು, ಸೆರಗು ಸಿಕ್ಕಿಸಿ, ಎಲ್ಲ ತೊಳೆದು ಬಳಿದು, ಡಬ್ಬಿಗಳಲ್ಲಿ ಅಡುಗೆ ತುಂಬಿಟ್ಟು, ಏದುಸಿರು ಬಿಡುತ್ತಾ ವಾಪಸಾಗುತ್ತಿದ್ದಳು. ಅವಳು ಹೋದ ಮೇಲೆ ಎರಡು ದಿನ ಮನೆ ಮನೆಯಾಗಿರುತ್ತಿತ್ತು, ಅಷ್ಟೇ.

ಹೀಗಿರುವಾಗ ಒಬ್ಬ ನರ್ಸಮ್ಮ ಬೂಟು ಮಾಡಿಸಲು ಬಂದಿದ್ದಳು. ಚಿಕ್ಕ ವಯಸ್ಸು, ಎಡಗಾಲು ಗಿಡ್ಡ. ದೊಡ್ಡಾಸ್ಪತ್ರೆಯೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಇಡೀ ದಿನ ನಿಂತೇ ಇರಬೇಕಾದ ಕೆಲಸ, ಹಳೇ ಬೂಟು ಅಟ್ಟೆ ಬಿಟ್ಟಿದೆ, ಸೇರುವ ದಿನ ಬೆಳಿಗ್ಗೆಯೇ ಬಂದು ಒಯ್ಯುತ್ತೇನೆ ಎಂದು ಹೇಳಿ ಹೋಗಿದ್ದಳು. ಆ ಬೂಟಿಗೆ ಹಿಂದಿನ ಸಂಜೆ ಹಿಮ್ಮಡಿ ಕೂರಿಸುವುದೊಂದು ಉಳಿದಿತ್ತು. ಬೆಳಿಗ್ಗೆ ಬೇಗ ಎದ್ದು ಮಾಡಿದರಾಯಿತು ಎಂದು ಅವನು ಬಾಗಿಲು ಹಾಕಿಕೊಂಡು ಹೋದ. ಮರುದಿನ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ತನಕ ಬಂದಿತ್ತು. ಓಡಿಹೋಗಿ ಅಂಗಡಿ ತೆರೆದರೆ ಹೊರಗೆ ಯಾರೂ ಇರಲಿಲ್ಲ. ಒಬ್ಬಳು ಹುಡುಗಿ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಹೋದಳು ಎಂದು ಪಕ್ಕದ ಬೀಗದ ಅಂಗಡಿಯವನು ಹೇಳಿದ.

ಅವಳು ಮತ್ತೆ ಬಂದದ್ದು ಎಷ್ಟೋ ವಾರಗಳ ಮೇಲೆ, ಪಾದಕ್ಕೆ ಪಟ್ಟಿ ಕಟ್ಟಿಕೊಂಡು. ಬಾಯಿಬಿಟ್ಟ ಹಳೇ ಬೂಟಿನಲ್ಲೇ ದಿನವಿಡೀ ನಿಂತು ಹಿಮ್ಮಡಿಯ ಚರ್ಮ ಕಿತ್ತುಹೋಗಿ, ಕೀವಾಗಿ, ಸೇರಿದ ವಾರದಲ್ಲೇ ರಜೆ ಹಾಕಬೇಕಾಯಿತಂತೆ. ಇಷ್ಟನ್ನು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ಬೈಯಲಿಲ್ಲ. ಅವನ ಮಾಸಿದ ಅಂಗಿ, ಬೆಳೆದ ಗಡ್ಡ ನೋಡಿ ಅವಳಿಗೇ ಕನಿಕರ ಬಂದಿರಬೇಕು.

"ಆವತ್ತು ನಿಮಗೆ ಹುಷಾರಿರಲಿಲ್ವಾ?" ಎಂದಳು.

ತಪ್ಪಿಸಿಕೊಂಡು ಹೋಗಲು ಅವಳೇ ಬಾಗಿಲು ತೆರೆದು ಹಿಡಿದ ಹಾಗಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಅವನ ನಾಲಿಗೆಯ ತುದಿಗೆ ಬಂದದ್ದು ಮಾತ್ರ ಆ ಹಳೇ ಮಾತೇ, ಅಕ್ಕ ಇಲ್ಲವಲ್ಲ. ಆಡುವ ಮೊದಲೇ ಅದು ಅವನ ಕಿವಿಗೆ ಕೇಳಿಸಿತು. ಅಕ್ಕ ಎಬ್ಬಿಸಲಿಲ್ಲ, ಅದಕ್ಕೆ ನಿನ್ನ ಕಾಲು ಕೀವಾಯಿತು. ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸಲಾಗದ ವಯಸ್ಸಿನ ಗಂಡಸು ಆಡುವ ಮಾತೇ ಇದು?

"ಹುಷಾರಾಗೇ ಇದ್ದೆ," ಎಂದ. "ನಿದ್ದೆ ಮಾಡ್ಬಿಟ್ಟೆ. ತಪ್ಪು ನನ್ನದೇ."

ಅವಳು ಹೊಸ ಬೂಟು ಹಾಕಿಕೊಂಡು ನೋಡಿದಳು, ಸರಿಯಾಗಿದೆ ಎಂದಳು, ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಅವಳು ಬೈದಿದ್ದರೆ ಅವನು ಎದುರು ಬೈದು ಹಗುರಾಗುತ್ತಿದ್ದನೇನೋ. ಈಗ ಭಾರ ಹಾಗೇ ಉಳಿಯಿತು.

ಆ ಸಂಜೆ ಮನೆಗೆ ಹೋಗಿ ಬಚ್ಚಲಿನ ತಟ್ಟೆಗಳನ್ನೆಲ್ಲ ತೊಳೆದ. ಮನಸ್ಸು ಬದಲಾಯಿತು, ಬಾಳು ಬೆಳಗಿತು ಎನ್ನುವಂಥದ್ದೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆ ಮತ್ತೆ ಅಷ್ಟೇ ಬೆಚ್ಚಗಿತ್ತು. ಬೆಳಗಿನ ಹೊತ್ತು ಮನಸ್ಸು ಒಳ್ಳೇ ವಕೀಲನಿದ್ದ ಹಾಗೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಚಳಿ ಇದೆ, ಯಾರು ಕಾಯುತ್ತಿದ್ದಾರೆ, ನಿನ್ನೆ ದಣಿದಿದ್ದೀಯ, ನಾಳೆಯಿಂದ ಶುರು ಮಾಡು. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಸಾಕ್ಷಿ ಎಳೆದು ತರುತ್ತದೆ. ಮಾತಿಗೆ ನಿಂತರೆ ಸೋಲು ಗ್ಯಾರಂಟಿ. ಆದ್ದರಿಂದ ಅವನು ಮಾತಿಗೆ ನಿಲ್ಲುವುದನ್ನೇ ಬಿಟ್ಟ. ಮೊದಲು ಕಾಲು ನೆಲಕ್ಕೆ, ಆಮೇಲೆ ಬೇಕಾದರೆ ವಾದ. ಕಾಲು ತಣ್ಣನೆ ನೆಲಕ್ಕೆ ತಾಗಿದ ಮೇಲೆ ವಕೀಲ ಗೊಣಗುತ್ತಾ ಸುಮ್ಮನಾಗುತ್ತಿದ್ದ. ಕೆಲವು ದಿನ ವಕೀಲನೇ ಗೆಲ್ಲುತ್ತಲೂ ಇದ್ದ. ಸೋತ ದಿನ ಮರುದಿನದ ನೆಪವಾಗದ ಹಾಗೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಉಂಡ ತಟ್ಟೆ ಆಗಲೇ ತೊಳೆಯುವುದು. ಅಂಗಿ ರಾತ್ರಿಯೇ ಒಗೆದು ಹರವುವುದು. ಆಗುತ್ತದೆ ಎಂದರೆ ಆಗಿಸುವುದು, ಆಗದಿದ್ದರೆ ಮೊದಲೇ ಆಗುವುದಿಲ್ಲ ಎನ್ನುವುದು. ಅಕ್ಕನಿಗೆ ಫೋನು ಮಾಡಿ, ಇನ್ನು ಮೇಲೆ ಅಡುಗೆ ತರಬೇಡ, ನಾನೇ ಕಲಿಯುತ್ತೇನೆ ಎಂದ. ಅವಳು, ಆಯ್ತು ಬಿಡು ಎಂದು ಫೋನಿಟ್ಟಳು. ಮುನಿಸಿತ್ತು ಆ ದನಿಯಲ್ಲಿ.

ಶಿಸ್ತು ಬಂದರೆ ಸುಖ ಬರುತ್ತದೆ ಎಂದು ಅವನು ಎಣಿಸಿದ್ದರೆ ಅದು ಸುಳ್ಳಾಯಿತು. ಗಲೀಜಿನಲ್ಲಿ ಒಂಟಿತನ ಅಷ್ಟು ಕಾಣುತ್ತಿರಲಿಲ್ಲ. ಗುಡಿಸಿದ ಮನೆಯಲ್ಲಿ ಅದು ನಡುಮನೆಯಲ್ಲೇ ಕಾಲು ಚಾಚಿ ಕೂತಿತ್ತು. ಚಮಚ ಕೆಳಗಿಟ್ಟರೆ ಅದರ ಸದ್ದು ಗೋಡೆಗೆ ಹೋಗಿ ವಾಪಸು ಬರುತ್ತಿತ್ತು. ಒಂದು ಭಾನುವಾರ ಮೊಟ್ಟೆ ಪಲ್ಯ ಎಂದಿಲ್ಲದ ಹಾಗೆ ಹದವಾಗಿ ಬಂತು. ಮೊದಲ ತುತ್ತಿಗೇ ಅವನು, ನೋಡು, ಎನ್ನುತ್ತಾ ತಿರುಗಿದ. ತಿರುಗಿದ ಕಡೆ ಬರಿಯ ಕುರ್ಚಿಯಿತ್ತು. ಉಳಿದದ್ದನ್ನು ತಣ್ಣಗಾಗುವ ತನಕ ಕೂತು ತಿಂದ, ತಟ್ಟೆ ತೊಳೆದ.

ಚಳಿ ಮುಗಿಯುವ ಹೊತ್ತಿಗೆ ಅಕ್ಕ ಒಬ್ಬಳೇ ಬಂದಳು. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿದವಳು ಹಾಗೇ ನಿಂತಳು. ಕಪಾಟಿನ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಂಡಳು. ಮಾಡಲು ಕೆಲಸವಿಲ್ಲದೆ ಅವಳ ಕೈಗಳು ಏನು ಮಾಡಬೇಕೆಂದು ತಿಳಿಯದೆ ಸೆರಗು ಬಿಚ್ಚಿ ಮತ್ತೆ ಸಿಕ್ಕಿಸಿದವು. ಅವನು ಅವಳನ್ನು ಕೂರಿಸಿ ಚಹಾ ಮಾಡಿ ತಂದ. ಅವಳು ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿ ಎಂದಳು. ಆಮೇಲೆ ವಿಷಯಕ್ಕೆ ಬಂದಳು. ಭಾವನಿಗೆ ಉಬ್ಬಸ ಹೆಚ್ಚಾಗಿದೆ, ಇಲ್ಲಿಯ ಧೂಳು ಆಗದು, ಸಮುದ್ರದ ಹತ್ತಿರ ಅವರ ಮಗಳಿದ್ದಾಳೆ, ಅಲ್ಲಿಗೇ ಹೋಗಿ ನೆಲೆಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ರೈಲಿನಲ್ಲಿ ಹಗಲು ರಾತ್ರಿ ಹೋಗಬೇಕಾದ ದೂರ.

"ನೀನು ಬೇಡ ಅಂದ್ರೆ ನಾನು ಹೋಗಲ್ಲ ಅಂತ ಅವರಿಗೆ ಹೇಳಿ ಬಂದಿದೀನಿ," ಎಂದಳು.

ಒಂದು ಮಾತು ಸಾಕಿತ್ತು. ಮಾತೂ ಬೇಕಿರಲಿಲ್ಲ, ಭುಜ ಇಳಿಬಿಟ್ಟು ಒಮ್ಮೆ ಕೆಮ್ಮಿದ್ದರೆ ಆಗುತ್ತಿತ್ತು. ಹಿಂದೆಲ್ಲ ಎಷ್ಟು ಸಲ, ಯಾರು ಯಾರಿಗೆ ಅವಳು ಹೀಗೇ ಹೇಳಿ ಬಂದಿದ್ದಳೋ. ಅದನ್ನು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ಹೋಗು ಅಕ್ಕ. ನನಗೆ ಆಗತ್ತೆ."

"ಒಬ್ಬನಿಗೇ?"

"ಒಬ್ಬನಿಗೇ. ಬೇಜಾರಾಗತ್ತೆ. ಆದರೂ ಆಗತ್ತೆ."

ಅಕ್ಕ ಲೋಟದೊಳಗೇ ನೋಡುತ್ತಿದ್ದಳು. "ಹಾಗಾದ್ರೆ ನಾನು ಬೇಡವಾದೆ," ಎಂದಳು.

"ಕೆಲಸಕ್ಕೆ ಬೇಡ," ಎಂದ ಅವನು. "ನೋಡೋಕೆ ಬೇಕು."

ಅವಳು ಅತ್ತಳು. ಅಳುತ್ತಲೇ, ಎಲ್ಲಿ ಕಲಿತೆಯೋ ಈ ಮಾತೆಲ್ಲ ಎಂದು ನಕ್ಕಳು. ಕಣ್ಣೊರೆಸಿಕೊಳ್ಳಲು ಬಾಗಿದಾಗ ಅವಳ ಪಾದ ಅವನ ಕಣ್ಣಿಗೆ ಬಿತ್ತು. ಬಾಗಿಲ ಬಳಿ ಬಿಟ್ಟಿದ್ದು ಸಂತೆಯ ರಬ್ಬರ್ ಚಪ್ಪಲಿ. ಹೆಬ್ಬೆರಳಿನ ಬುಡದಲ್ಲಿ ಗಂಟು ಎದ್ದು ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು, ಹಿಮ್ಮಡಿಯಲ್ಲಿ ಉಗುರು ತೂರುವಷ್ಟು ಬಿರುಕು. ಊರಿನವರ ಕಾಲನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಅಳೆದವನು ಈ ಕಾಲನ್ನು ನೋಡಿಯೇ ಇರಲಿಲ್ಲ. ಒಳಗಿನಿಂದ ಕಾಗದ, ಪೆನ್ಸಿಲು ತಂದು ನೆಲದಲ್ಲಿ ಕೂತ. ಕಚಗುಳಿ ಎಂದು ಅವಳು ಕಾಲು ಎಳೆದುಕೊಂಡಳು. ಸುಮ್ನೆ ಕೂತ್ಕೋ ಎಂದು ಗದರಿಸಿ, ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದ.

ಮರಳಿನಲ್ಲಿ ಹೂತುಕೊಳ್ಳದ ಅಗಲ ಅಟ್ಟೆ, ಗಂಟು ಒತ್ತದಂತೆ ಮೆತ್ತನೆ ಚರ್ಮ. ಹೊರಡುವ ದಿನಕ್ಕೆ ಬಹಳ ಮೊದಲೇ ಬೂಟು ಮುಗಿದಿತ್ತು. ಅಕ್ಕ ಅದನ್ನು ಹಾಕಿಕೊಂಡು ರೈಲಿನ ಪ್ಲಾಟ್‌ಫಾರಂನಲ್ಲಿ ಅತ್ತಿಂದಿತ್ತ ನಡೆದು, ನೋಯ್ತಾನೇ ಇಲ್ಲ ಎಂದು ಭಾವನಿಗೂ ಅವನಿಗೂ ಸರದಿಯಂತೆ ಹೇಳಿದಳು. ಭಾವ ಅವನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ರೈಲು ಹೊರಟಾಗ ಅಕ್ಕ ಕಿಟಕಿಯಿಂದ ಏನೋ ಕೂಗಿದಳು, ಸದ್ದಿನಲ್ಲಿ ಕೇಳಿಸಲಿಲ್ಲ. ಅವನು ಕೇಳಿಸಿದವನ ಹಾಗೆ ತಲೆಯಾಡಿಸಿದ.

ಪ್ಲಾಟ್‌ಫಾರಂ ಖಾಲಿಯಾಯಿತು. ಕಸ ಗುಡಿಸುವವಳು ಬಂದು, ಕಾಲೆತ್ತಿ ಎಂದಾಗಲೇ ತಾನು ಬೆಂಚಿನ ಮೇಲೆ ಕೂತಿದ್ದೇನೆ ಎಂದು ಅವನಿಗೆ ತಿಳಿದದ್ದು. ಮನೆಗೆ ಹೋಗಿ ಮಲಗಿಬಿಡೋಣ ಅನ್ನಿಸಿತು. ಇಂಥ ದಿನ ಮಲಗಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅನ್ನುವುದಕ್ಕೆ ಯಾರೂ ಇರಲೂ ಇಲ್ಲ. ಆದರೆ ಮಧ್ಯಾಹ್ನಕ್ಕೆ ಮುದುಕರೊಬ್ಬರಿಗೆ ಬರಹೇಳಿದ್ದ. ಕೋಲೂರಿಕೊಂಡು ಎರಡು ಬಸ್ಸು ಹತ್ತಿ ಬರುವವರು. ಅವನು ಎದ್ದು ಬಟ್ಟೆ ಕೊಡವಿಕೊಂಡು, ಅಂಗಡಿಯ ದಾರಿ ಹಿಡಿದ.